ದೋಣಿಯಾಕಿಗೆ ಕೇಳಿಸಿತೇ?

ಯಾದಗಿರಿ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ನಾನು ಶೇಂಗಾ ಬಿಡಿಸಿ ತಿನ್ನುತ್ತಿದ್ದೆ. ರಾಯಚೂರಿನ ಕಡೆಗೆ ಹೋಗುವ ನನ್ನ ಗಾಡಿ ತಡವಾಗಿತ್ತು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಕಾಲೇಜಿನ ಇಬ್ಬರು ಹುಡುಗಿಯರು ಒಂದೇ ಮೊಬೈಲಿಗೆ ತಲೆ ಕೊಟ್ಟು ಕೂತಿದ್ದರು. ಇದ್ದಕ್ಕಿದ್ದಂತೆ ಒಬ್ಬಳು ತಲೆಯೆತ್ತಿ, "ಏ, ಅಕಿಗಿ ಕೇಳಿಸೇ ಇಲ್ಲವ್ವಾ" ಅಂದಳು.

"ಕೇಳಿಸಿಲ್ಲಂದ್ರ ಹ್ಯಾಂಗ ತಿರುಗಿ ನೋಡ್ಯಾಳ? ಸುಮ್ಮನ ಕುತ್ತಿಗಿ ಹಿಡಿದಿತ್ತೇನು?" ಅಂದಳು ಇನ್ನೊಬ್ಬಳು.

ಶೇಂಗಾ ನನ್ನ ಗಂಟಲಲ್ಲೇ ನಿಂತಿತು. ಹೆಸರು ಹೇಳದಿದ್ದರೂ ಯಾರ ಮಾತು ನಡೆದಿದೆ ಎಂದು ನನಗೆ ತಿಳಿಯಿತು. ಆಕೆ ಅವರ ಗೆಳತಿಯಲ್ಲ, ನೆರೆಮನೆಯವಳೂ ಅಲ್ಲ. ಆರು ದಪ್ಪ ಪುಸ್ತಕಗಳಲ್ಲಿ ಹರಡಿಕೊಂಡಿರುವ ಮಾಂತ್ರಿಕರ ಕಥೆಯೊಂದರ ನಾಯಕಿ. ಕೊನೆಯ ಪುಸ್ತಕದ ಕೊನೆಯ ಪುಟದಲ್ಲಿ ಆಕೆ ತಿರುಗಿ ನೋಡುತ್ತಾಳೆ. ಯಾಕೆ ನೋಡಿದಳು ಎಂದು ಬರೆದವರು ಇವತ್ತಿನವರೆಗೂ ಹೇಳಿಲ್ಲ. ಅಭಿಮಾನಿಗಳು ಕೇಳಿ ಕೇಳಿ ದಣಿದಿದ್ದಾರೆ. ನೀರಾವರಿ ಕಚೇರಿಯ ನನ್ನಂಥ ಬೋಳುನೆತ್ತಿಯ ಗುಮಾಸ್ತನಿಗೂ ಈ ವಿಷಯದಲ್ಲಿ ಖಚಿತವಾದ ಅಭಿಪ್ರಾಯವಿದೆ ಎಂದು ಆ ಹುಡುಗಿಯರಿಗೆ ಹೇಗೆ ಗೊತ್ತಾಗಬೇಕು? ನಾನು ಗಂಟಲು ಸರಿಮಾಡಿಕೊಂಡು ಬಾಯಿ ತೆರೆಯುವಷ್ಟರಲ್ಲಿ ಅವರ ಗಾಡಿ ಬಂತು, ಹತ್ತಿ ಹೋದರು. ದೇವರು ದೊಡ್ಡವನು, ಅವರನ್ನು ಕಾಪಾಡಿದ. ಯಾಕೆಂದರೆ ಇದೇ ಪ್ರಶ್ನೆಗಾಗಿ ಒಂದು ಕಾಲಕ್ಕೆ ನಾನು ನನ್ನ ಭಾವನ ಜೊತೆ ಮಾತು ಬಿಟ್ಟಿದ್ದೆ. ಅದನ್ನು ಬಗೆಹರಿಸಲು ಎರಡೂ ಮನೆಯ ಹಿರಿಯರು ಪಂಚಾಯ್ತಿಗೆ ಕೂಡಬೇಕಾಯಿತು.

ಆ ಕಥೆ ಓದದವರಿಗಾಗಿ ಸ್ವಲ್ಪ ಹೇಳುತ್ತೇನೆ. ಓದಿದವರು ನನ್ನ ತಪ್ಪು ಹುಡುಕಲು ಸಿದ್ಧರಾಗಿ ಕೂಡಬಹುದು. ಆ ನಾಡಿನಲ್ಲಿ ಹುಟ್ಟುವ ಪ್ರತಿ ಮಾಂತ್ರಿಕನಿಗೆ ಒಂದೇ ಒಂದು ಶಕ್ತಿ. ಒಬ್ಬ ದಿಟ್ಟಿಸಿದರೆ ಬೀಗ ತೆರೆಯುತ್ತದೆ. ಒಬ್ಬಳು ಮುಟ್ಟಿದ ಹಾಲು ಎಂದೂ ಒಡೆಯುವುದಿಲ್ಲ. ಒಬ್ಬ ಪಾಪದ ಮುದುಕನಿಗೆ ಮಳೆ ತರಿಸಲು ಬರುತ್ತದೆ, ಆದರೆ ಅದು ಅವನ ತಲೆಯ ಮೇಲೆ ಮಾತ್ರ ಬೀಳುತ್ತದೆ. ಭೀಮರಾಯನಗುಡಿಯ ನಮ್ಮ ಕಚೇರಿಯಲ್ಲಿ ಕೆಲಸವಿಲ್ಲದ ಮಧ್ಯಾಹ್ನಗಳಲ್ಲಿ ನನ್ನ ಶಕ್ತಿ ಯಾವುದಿರಬಹುದು ಎಂದು ಬಹಳ ಯೋಚಿಸಿದ್ದೇನೆ. ನಾನು ಯಾವ ಸಾಲಿನಲ್ಲಿ ನಿಲ್ಲುತ್ತೇನೋ ಆ ಸಾಲು ಮುಂದೆ ಸರಿಯುವುದಿಲ್ಲ. ಇದಕ್ಕಿಂತ ಹೆಚ್ಚಿನದೇನೂ ಈವರೆಗೆ ಕಂಡುಬಂದಿಲ್ಲ.

ನಾಯಕಿ ಒಬ್ಬ ದೋಣಿಗಾರನ ಮಗಳು. ಪುಸ್ತಕದಲ್ಲಿ ಅವಳಿಗೊಂದು ಹೆಸರಿದೆ. ನಮ್ಮ ಮನೆಯಲ್ಲಿ ಅವಳು ಮೊದಲಿನಿಂದಲೂ 'ದೋಣಿಯಾಕಿ'. ಎಷ್ಟೇ ದೂರದ ದನಿಯಾದರೂ ಅವಳಿಗೆ ಕೇಳಿಸುತ್ತದೆ. ಕೊನೆಯ ಪುಸ್ತಕದಲ್ಲಿ ಅವಳ ತಮ್ಮ ಶತ್ರುಗಳ ಕೈಗೆ ಸಿಕ್ಕಾಗ, ಅವನು ತಪ್ಪಿಸಿಕೊಂಡು ಬರಲಿ ಎಂದು ಅವಳು ತನ್ನ ಶಕ್ತಿಯನ್ನು ಅವನಿಗೆ ಕೊಟ್ಟುಬಿಡುತ್ತಾಳೆ. ಯುದ್ಧ ಮುಗಿದು ಎಷ್ಟೋ ದಿನಗಳ ಮೇಲೆ ಅವಳು ಹೊಳೆಯಲ್ಲಿ ನೀರು ತುಂಬುತ್ತಿರುತ್ತಾಳೆ. ದಟ್ಟ ಮಂಜು. ಆಚೆ ದಂಡೆಯಲ್ಲಿ ತಮ್ಮ ಬಂದು ನಿಂತು "ಅಕ್ಕಾ" ಎಂದು ಕೂಗುತ್ತಾನೆ. ದನಿ ದಾಟಲಾರದಷ್ಟು ಅಗಲದ ಹೊಳೆ ಅದು. ಅವಳು ತಿರುಗಿ ನೋಡುತ್ತಾಳೆ. ಅಷ್ಟೇ, ಪುಸ್ತಕ ಮುಗಿಯಿತು.

ಈ ಹುಚ್ಚು ನನಗೆ ಹತ್ತಿಸಿದವಳು ನನ್ನ ಅಕ್ಕ. ಅಪ್ಪನದು ಶಹಾಪುರದಲ್ಲಿ ಬಟ್ಟೆ ಅಂಗಡಿ, ಅದರ ಮೇಲಿನ ಕೋಣೆಯಲ್ಲಿ ನಮ್ಮ ಓದು. ನನಗೆ ಇಂಗ್ಲಿಷು ಬರುತ್ತಿರಲಿಲ್ಲ. ಅಕ್ಕ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಓದುತ್ತ ಓದುತ್ತ ಕನ್ನಡದಲ್ಲಿ ಹೇಳುತ್ತಿದ್ದಳು. ಹಾಗಾಗಿ ಆ ಮಾಂತ್ರಿಕರೆಲ್ಲ ಶುದ್ಧ ಶಹಾಪುರದವರು. ಅವರ ರಾಜ ತುಂಬಿದ ಸಭೆಯಲ್ಲಿ "ಯಾವನಲೇ ಅವ, ನನ್ನ ಮುಂದ ದನಿ ಏರಸಾಂವ?" ಎನ್ನುತ್ತಿದ್ದ. ಮುದಿ ಮಾಟಗಾತಿ ನಮ್ಮ ಅವ್ವನ ಹಾಗೆಯೇ "ನಿಮ್ಮ ಬಾಯಾಗ ಮಣ್ಣು ಹಾಕಲಿ" ಎಂದು ಶಪಿಸುತ್ತಿದ್ದಳು. ಮುಂದೆ ನಾನೇ ಇಂಗ್ಲಿಷಿನಲ್ಲಿ ಓದುವಷ್ಟಾದಾಗ ನನಗೆ ನಿರಾಸೆಯಾಯಿತು. ಅಲ್ಲಿ ಎಲ್ಲರೂ ಬಹಳ ಸಭ್ಯರಾಗಿಬಿಟ್ಟಿದ್ದರು. ಯಾರೋ ಅವರಿಗೆ ಉಪ್ಪು ಹಾಕುವುದನ್ನು ಮರೆತಿದ್ದಾರೆ ಅನ್ನಿಸಿತು.

ಆ ಕೋಣೆಯ ಕಿಟಕಿಯಿಂದ ಮಲಗಿದ ಬುದ್ಧನ ಬೆಟ್ಟ ಕಾಣುತ್ತಿತ್ತು. ಹಣೆ, ಮೂಗು, ಎದೆ, ಎಲ್ಲ ಕಾಣಿಸುತ್ತದೆಂದು ಊರಿಗೆ ಬಂದವರು ಬೆರಳು ತೋರಿಸಿ ಬೆರಗಾಗುತ್ತಿದ್ದರು. ನನಗೆ ಬಹಳ ವರ್ಷ ಬರಿಯ ಕಲ್ಲುಗಳೇ ಕಂಡವು. ಆದರೂ ಬಂದ ನೆಂಟರಿಗೆಲ್ಲ ನಾನೇ ಮುಂದಾಗಿ, "ಅಗೋ ಅದು ಮೂಗು, ಇದು ಗದ್ದ" ಎಂದು ವಿವರಿಸುತ್ತಿದ್ದೆ. ಕಾಣದ್ದನ್ನು ಗಟ್ಟಿಯಾಗಿ ಹೇಳುವ ಅಭ್ಯಾಸ ನನಗೆ ಆಗಿನಿಂದಲೂ ಇದೆ.

ಕೊನೆಯ ಪುಸ್ತಕ ಬರುವ ಹೊತ್ತಿಗೆ ಅಕ್ಕನ ಮದುವೆಯಾಗಿ ಅವಳು ಸುರಪುರಕ್ಕೆ ಹೋಗಿದ್ದಳು. ಭಾವ ಅಲ್ಲಿ ಹೈಸ್ಕೂಲಿನ ವಿಜ್ಞಾನದ ಮಾಸ್ತರು. ಹೊಸದರಲ್ಲಿ ಹೆಂಡತಿಯನ್ನು ಮೆಚ್ಚಿಸಲೆಂದು ಮೊದಲ ಪುಸ್ತಕ ಕೈಗೆತ್ತಿಕೊಂಡವರು ಕೈಯಲ್ಲಿ ಪೆನ್ಸಿಲ್ ಹಿಡಿದೇ ಓದಿದರು. ಹುಚ್ಚು ಅವರಿಗೂ ಹತ್ತಿತು. ನಾನು ಆ ಕಥೆಯನ್ನು ಓದಿ ಅಳುವವನಾದರೆ ಅವರು ಓದಿ ಗೆರೆ ಎಳೆಯುವವರು. ಯಾವ ಮಂತ್ರಕ್ಕೆ ಯಾವ ನಿಯಮ, ಯಾವ ನಿಯಮಕ್ಕೆ ಯಾವ ಅಪವಾದ, ಎಲ್ಲ ಅವರಿಗೆ ಬಾಯಿಪಾಠ. ನಾವಿಬ್ಬರೂ ಮಾತಿಗೆ ಕೂತರೆ ಅಕ್ಕ ಎದ್ದು ಒಳಗೆ ಹೋಗುತ್ತಿದ್ದಳು. ಅವಳಿಗೆ ಕೆಲಸವಿರಬೇಕು ಎಂದುಕೊಳ್ಳುತ್ತಿದ್ದೆವು.

ಜಗಳ ನಡೆದದ್ದು ದೀಪಾವಳಿಯಲ್ಲಿ, ಸುರಪುರದ ಅವರ ಮನೆಯಲ್ಲಿ, ಹೋಳಿಗೆಯ ಊಟದ ಮೇಲೆ.

"ಎರಡನೇ ಪುಸ್ತಕದಾಗ ಖುಲ್ಲಾ ಬರದಾರ," ಅಂದರು ಭಾವ. "ಕೊಟ್ಟ ಶಕ್ತಿ ತಿರುಗಿ ಬರಂಗಿಲ್ಲ. ಅಕಿ ಕಿವಿ ಖಾಲಿ. ಗಾಳಿಗಿ ತಿರುಗ್ಯಾಳ, ಮುಗೀತು."

"ಇಷ್ಟು ದೊಡ್ಡ ಕಥಿ ಬರದು ಕೊನಿ ಪುಟದಾಗ ಬರೇ ಗಾಳಿ ಬೀಸತಾರೇನ್ರಿ ಭಾವ? ಸ್ವಂತ ತಮ್ಮ ಕರದಾನ. ಎಷ್ಟೇ ಕೊಟ್ಟರೂ ಒಂದಿಷ್ಟು ಉಳೀತದ."

"ಎಷ್ಟು ಉಳೀತದ? ಅಳತಿ ಹೇಳು."

"ಅಳಿಯಾಕ ಇದು ನಿಮ್ಮ ಸಾಲಿ ಲ್ಯಾಬ್ ಅಲ್ರಿ."

"ಬುದ್ಧಿ ಇದ್ದಾಂವ ಅಳೀತಾನ ತಮ್ಮಾ. ಇಲ್ಲದಾಂವ ಅಳ್ತಾನ."

ಈಗ ನೆನೆಸಿಕೊಂಡರೆ ಒಳ್ಳೆಯ ಮಾತೇ. ಆಗ ಮಾತ್ರ ನನ್ನ ಕಿವಿಯಿಂದ ಹೊಗೆ ಬಂತು. "ನೀವು ಪುಸ್ತಕ ಓದೀರಿ ಅಷ್ಟ, ತಿಳ್ಕೊಂಡಿಲ್ಲ" ಅಂದುಬಿಟ್ಟೆ. ಮಾಸ್ತರರಿಗೆ ಹೇಳಬಾರದ ಮಾತು ಅದು. ಅವರ ಮುಖ ಬಿಗಿಯಿತು.

"ನಿಮ್ಮ ಮನಿ ಮಂದಿದು ಇದೇ ಹಣೇಬರ. ಕೊಟ್ಟ ಮ್ಯಾಲೂ ನಮ್ಮದೇ, ನಮ್ಮದೇ ಅಂತೀರಿ."

ಮಾತು ಹೊಳೆ ದಾಟಿ ಅವರ ಮನೆಗೆ ಕೊಟ್ಟ ಅಕ್ಕನವರೆಗೆ ಬಂದಿತ್ತು. ಒಳಗೆ ಅಕ್ಕ ಚಹಾಕ್ಕೆ ಇಟ್ಟಿದ್ದಳು. ನಾನು ಎದ್ದೆ. ಒಲೆಯ ಮೇಲೆ ಚಹಾ ಕುದಿಯುವಾಗ ನೆಂಟ ಎದ್ದು ಹೋಗುವುದೆಂದರೆ ನಮ್ಮ ಕಡೆ ಬಾಗಿಲಿಗೆ ಕಲ್ಲು ಹೊಡೆದ ಹಾಗೆ. ಗಂಭೀರವಾಗಿ ಹೊಸ್ತಿಲು ದಾಟಿ, ಚಪ್ಪಲಿ ಮೆಟ್ಟಿ, ಹಿಂತಿರುಗಿ ನೋಡದೆ ನಡೆದೆ. ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ ಕಾಲು ನೋಡಿಕೊಂಡರೆ ಅವು ಭಾವನ ಚಪ್ಪಲಿ. ಹಠಕ್ಕೆ ಬಿದ್ದವನು ಬದಲಿಸಲು ತಿರುಗಿ ಹೋಗುವಂತಿಲ್ಲ. ಒಂದು ಬೆರಳು ದೊಡ್ಡವಾಗಿದ್ದ ಅವುಗಳನ್ನು ಎಳೆದುಕೊಂಡು ಶಹಾಪುರಕ್ಕೆ ಬಂದೆ.

ಆಮೇಲೆ ಫೋನಿಲ್ಲ, ಬರುವುದಿಲ್ಲ, ಹೋಗುವುದಿಲ್ಲ. ಅಕ್ಕ ಬಸುರಿ ಎಂಬ ಸುದ್ದಿ ನನಗೆ ಅವ್ವನಿಂದ ತಿಳಿಯಿತು. ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರಬೇಕು. ಕರೆಯಲು ತಮ್ಮ ಹೋಗಬೇಕು. ಭಾವ ಒಂದು ಮಾತು ಕರೆಯದೆ ಹೋಗುವುದಿಲ್ಲ ಎಂದು ನಾನು. ತಮ್ಮನೇ ಬಂದು ನಿಲ್ಲದೆ ಕಳಿಸುವುದಿಲ್ಲ ಎಂದು ಅವರು. ಅವ್ವ ತಂದಿಟ್ಟ ಹಸಿರು ಸೀರೆ ಟ್ರಂಕಿನಲ್ಲೇ ಉಳಿಯಿತು. "ಜಗಳ ಯಾಕಾತೋ?" ಎಂದು ಅಪ್ಪ ಕೇಳಿದರೆ ನಾನು ಗೋಡೆ ನೋಡುತ್ತಿದ್ದೆ. ಏನೆಂದು ಹೇಳಲಿ? ಹೇಳದ್ದರಿಂದ ಊರವರೇ ಕಾರಣ ಹುಡುಕಿದರು. ಭಾವನ ಕಡೆಯ ಯಾವುದೋ ಕನ್ಯೆಯನ್ನು ನಾನು ಒಲ್ಲೆ ಅಂದೆನಂತೆ. ಆವರೆಗೆ ನನಗೆ ಯಾರೂ ಕನ್ಯೆಯನ್ನೇ ತೋರಿಸಿರಲಿಲ್ಲ. ಈ ಸುದ್ದಿ ಹಬ್ಬಿದ ಮೇಲಂತೂ ಮುಂದೆ ಎಷ್ಟೋ ದಿನ ತೋರಿಸಲೂ ಇಲ್ಲ.

ಕಡೆಗೆ ಅಪ್ಪ ಕೊಂಕಲ್ಲಿನಿಂದ ದೊಡ್ಡಪ್ಪನನ್ನು ಕರೆಸಿದರು. ದೊಡ್ಡಪ್ಪ ಒಕ್ಕಲುತನದವನು, ಊರ ಜಗಳಗಳನ್ನು ಬಿಡಿಸುವುದರಲ್ಲಿ ಹೆಸರಾದವನು. ಎಲ್ಲ ಜಗಳದ ಬೇರೂ ಹೊಲದ ಬದುವಿನಲ್ಲಿರುತ್ತದೆ ಎಂಬುದು ಅವನ ಸಿದ್ಧಾಂತ. ನಮ್ಮಿಬ್ಬರಿಗೂ ಹೊಲವೇ ಇಲ್ಲವೆಂದರೂ ಅವನಿಗೆ ನಂಬಿಕೆ ಬರಲಿಲ್ಲ. ಒಂದು ಬೆಳಿಗ್ಗೆ ಅಪ್ಪ, ದೊಡ್ಡಪ್ಪ ಇಬ್ಬರೂ ಬಸ್ಸಿನಲ್ಲಿ ನನ್ನನ್ನು ನಡುವೆ ಕೂಡಿಸಿಕೊಂಡು ಸುರಪುರಕ್ಕೆ ಹೊರಟರು. ಅಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಒಂದು ಕಡೆ ನಾವು ಮೂವರು, ಎದುರಿಗೆ ಭಾವ ಮತ್ತು ಅವರ ಅಪ್ಪ. ಭಾವನ ಅವ್ವ ಅಡುಗೆಮನೆ ಬಿಟ್ಟು ಬಂದು ಬಾಗಿಲ ಮರೆಯಲ್ಲಿ ನಿಂತಿದ್ದರು. ಅಕ್ಕ ಒಳಕೋಣೆಯಲ್ಲಿ ಮಲಗಿದ್ದಾಳೆ ಎಂದರು.

"ಮುಚ್ಚುಮರಿ ಬ್ಯಾಡ," ಅಂದ ದೊಡ್ಡಪ್ಪ. "ಖರೇ ಹೇಳ್ರಿ. ಎದರ ಸಲುವಾಗಿ ಜಗಳ?"

ನಾನು ಭಾವನ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ದೀಪಾವಳಿಯ ನಂತರ ನಾವಿಬ್ಬರೂ ಒಂದೇ ಮನಸ್ಸಿನಲ್ಲಿ ಇದ್ದದ್ದು ಆ ಒಂದು ಗಳಿಗೆಯಲ್ಲಿ. ಕೊನೆಗೆ ಭಾವ ನೆಲ ನೋಡುತ್ತ, "ಒಬ್ಬಾಕಿ ಹೆಣ್ಮಗಳ ವಿಷಯರಿ" ಅಂದರು.

ಬಾಗಿಲ ಮರೆಯಲ್ಲಿ ಅವರ ಅವ್ವ "ಅಯ್ಯ ಶಿವನೇ!" ಎಂದು ಕೂತೇಬಿಟ್ಟರು.

"ಯಾರಾಕಿ?" ಭಾವನ ಅಪ್ಪ ಜಮಖಾನೆಯಿಂದ ಅರ್ಧ ಎದ್ದರು.

"ದೋಣಿಗಾರನ ಮಗಳ್ರಿ," ಅಂದೆ ನಾನು, ಸಹಾಯ ಮಾಡುತ್ತಿದ್ದೇನೆ ಎಂದುಕೊಂಡು.

"ಕೃಷ್ಣಾ ದಂಡಿ ಮಂದಿಯೇನು? ಯಾವ ಊರಾಕಿ? ಇಬ್ಬರೂ ಅಕಿ ಬೆನ್ನಿಗಿ ಬಿದ್ದೀರೇನು?"

ಇನ್ನು ಹೇಳದೆ ಗತಿಯಿರಲಿಲ್ಲ. ಭಾವ ಅರ್ಧ, ನಾನು ಅರ್ಧ, ಹೊಳೆ, ಮಂಜು, ಕೊಡ, ಕೂಗು, ಎಲ್ಲ ಹೇಳಿದೆವು. ಇನ್ನೇನು ನಾಲ್ವರು ಹಿರಿಯರ ಬೈಗುಳವೂ ಒಟ್ಟಿಗೆ ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿದೆ. ದೊಡ್ಡಪ್ಪ ಎಲೆಯಡಿಕೆಯನ್ನು ದವಡೆಯಿಂದ ದವಡೆಗೆ ಸರಿಸಿ, ಬಹಳ ಹೊತ್ತು ಯೋಚಿಸಿ ಕೇಳಿದ:

"ಹೊಳಿ ಎಷ್ಟು ಅಗಲಿತ್ತು?"

ಅಲ್ಲಿಗೆ ಪಂಚಾಯ್ತಿ ಕೆಟ್ಟಿತು. ನೀರಿನ ಮೇಲೆ ದನಿ ದೂರ ಹೋಗುತ್ತದೆ, ತಾನೇ ಭೀಮಾ ನದಿಯ ದಂಡೆಯಲ್ಲಿ ಕೇಳಿದ್ದೇನೆ ಎಂದು ದೊಡ್ಡಪ್ಪ. ಮಂಜಿನಲ್ಲಿ ಹೋಗುವುದಿಲ್ಲ ಎಂದು ಭಾವನ ಅಪ್ಪ. "ಕೊಟ್ಟ ಹೆಣ್ಣು ಕುಲಕ್ಕ ಹೊರಗ ಅಂತ ಗಾದಿನೇ ಅದ. ಕೊಟ್ಟಿದ್ದು ಹೋತು. ಹೆಣ್ಣಾದರೇನು, ಶಕ್ತಿಯಾದರೇನು?" ಅಂದರು ಅವರು. "ಹೊರಗಾದ್ರ ನಾವ್ಯಾಕ ಇಲ್ಲಿತನ ಬಂದೀವಿ? ಉಳೀತದ, ಒಂದಿಷ್ಟು ಉಳೀತದ!" ಎಂದು ಅಪ್ಪ ಜಮಖಾನೆ ಗುದ್ದಿದರು. ಅಪ್ಪ ನನ್ನ ಪಕ್ಷ ವಹಿಸಿದ್ದು ಜೀವನದಲ್ಲಿ ಅದೇ ಮೊದಲು. ಭಾವನ ಅವ್ವ ಎದ್ದು ಬಂದು, ಹೆತ್ತವಳಿಗೆ ಕಿವಿ ಬೇಕಿಲ್ಲ, ಕರುಳಿಗೆ ಕೇಳಿಸುತ್ತದೆ ಎಂದರು. ಅವಳು ಹೆತ್ತವಳಲ್ಲ, ಅಕ್ಕ ಎಂದು ಭಾವ ತಿದ್ದಿದರು. ತಮ್ಮನನ್ನು ಎತ್ತಿ ಆಡಿಸಿದವಳು ಹೆತ್ತವಳೇ ಎಂದು ದೊಡ್ಡಪ್ಪ. ನಾನು ಮೂರನೇ ಪುಸ್ತಕದಿಂದ ಒಂದು ಸಾಕ್ಷಿ ಎತ್ತಿ ಹೇಳಿದೆ. ಭಾವ ಓಡಿ ಹೋಗಿ ಎರಡನೇ ಪುಸ್ತಕವನ್ನೇ ತಂದರು.

"ಮುಗೀತೇನ್ರಿ ಎಲ್ಲಾರದೂ?"

ಅಕ್ಕ ಒಳಕೋಣೆಯ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿ ಎಷ್ಟೋ ತಿಂಗಳಾಗಿತ್ತು. ಮುಖ ಊದಿಕೊಂಡಿತ್ತು, ಪಾದಗಳೂ ಊದಿದ್ದವು.

"ಯಾವಾಕಿಗೋ ಕೇಳಿಸ್ತೋ ಇಲ್ಲೋ ಅಂತ ಇಷ್ಟು ಮಂದಿ ಕೂಡೀರಿ," ಅಂದಳು. "ನಾ ಒಳಗಿಂದ ಎಷ್ಟು ಹೊತ್ತಾತು ನೀರು ಕೇಳಾಕತ್ತು. ಯಾರಿಗರೆ ಕೇಳಿಸ್ಯಾದೇನು?"

ನಾನೂ ಭಾವನೂ ಒಟ್ಟಿಗೆ ಎದ್ದೆವು, ಅಡುಗೆಮನೆಯ ಬಾಗಿಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದೆವು. ತಂಬಿಗೆ ಹಿಡಿದು ಹೊರಗೆ ಬರುವಷ್ಟರಲ್ಲಿ ಅಕ್ಕ ಚೌಕಟ್ಟಿಗೆ ಒರಗಿ ಕುಸಿದಿದ್ದಳು. ಕಣ್ಣು ಕತ್ತಲಿಟ್ಟಿದೆ, ತಲೆ ಸಿಡಿಯುತ್ತಿದೆ ಎಂದಳು.

ಊರಿನ ಡಾಕ್ಟರಮ್ಮ ರಕ್ತದೊತ್ತಡ ನೋಡಿ, "ಕಲಬುರಗಿಗಿ ಒಯ್ರಿ. ಈಗೇ. ಮನ್ಯಾಗ ಇಷ್ಟು ಮಂದಿ ಇದ್ದು ಕಾಲು ಬಾತಿದ್ದು ಯಾರೂ ನೋಡಿಲ್ಲೇನ್ರಿ?" ಅಂದರು. ನೆರೆಮನೆಯವರ ಜೀಪಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಭಾವನ ತೊಡೆಯ ಮೇಲೆ ಅಕ್ಕನ ತಲೆ. ನಾನು ಮುಂದೆ ಕೂತು, ಭೀಮರಾಯನಗುಡಿ ಬಂತು, ಶಹಾಪುರ ಬಂತು ಎಂದು ಒಂದೊಂದೇ ಊರಿನ ಹೆಸರು ಹೇಳುತ್ತಿದ್ದೆ. ಯಾರಿಗೂ ಅದು ಬೇಕಿರಲಿಲ್ಲ. ಸುಮ್ಮನಿದ್ದರೆ ಹಿಂದೆ ತಿರುಗಿ ನೋಡಬೇಕಾಗುತ್ತಿತ್ತು.

ದವಾಖಾನೆಯಲ್ಲಿ ತಿಂಗಳು ತುಂಬುವ ಮೊದಲೇ ಕೂಸನ್ನು ತೆಗೆಯಬೇಕು ಎಂದರು. ಅಕ್ಕನನ್ನು ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಭಾವ, "ತಮ್ಮಾ, ಅಕಿಗಿ ಕೇಳಿಸಿರಬೇಕೋ" ಅಂದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದರು. "ಉಳೀತದ. ನೀ ಅಂದಿದ್ದೇ ಖರೇ."

"ಇಲ್ರಿ ಭಾವ. ನಿಯಮ ಅಂದ್ರ ನಿಯಮಾನೇ. ಗಾಳಿ ಇರಬೇಕು."

"ಹುಚ್ಚಪ್ಪ, ಗಾಳಿ ಎಲ್ಲಿಂದ ಬಂತು? ಮಂಜು ಬಿದ್ದಾಗ ಗಾಳಿ ಇರಂಗಿಲ್ಲ."

"ಮತ್ತ ದೀಪಾವಳಿಗಿ ನೀವೇ ಅಂದ್ರಿ!"

"ಆಗ ಅಂದಿದ್ದೆ. ಈಗ ಅನ್ನಾಕತ್ತಿಲ್ಲ."

"ನಿಯಮದ ಪುಸ್ತಕ ನಿಮ್ಮ ಬಗಲಾಗೇ ಅದರೀ, ತೆಗದು ನೋಡ್ರಿ!" ಖರೆಯೇ ಇತ್ತು. ಗಾಬರಿಯಲ್ಲಿ ಅವರು ಬಟ್ಟೆಯ ಚೀಲದ ಬದಲು ಎರಡನೇ ಪುಸ್ತಕವನ್ನು ಬಗಲಲ್ಲಿ ಇಟ್ಟುಕೊಂಡು ಬಂದಿದ್ದರು. ನಮ್ಮ ದನಿ ಏರಿತು. ನರ್ಸ್ ಬಂದು ನಮ್ಮ ಮುಂದೆ ನಿಂತಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ. "ಏನ್ರಿ, ಆಗಿಂದ ಕರಿಯಾಕತ್ತೀನಿ, ಕಿವಿ ಕೇಳಂಗಿಲ್ಲೇನು? ಹೆಣ್ಣು ಕೂಸು. ತಾಯಿ ಆರಾಮ ಅದಾಳ" ಅಂದಳು.

ನಾವು ಒಳಗೆ ಹೋದಾಗ ಅಕ್ಕ ಅರೆಗಣ್ಣು ತೆರೆದು ಇಬ್ಬರನ್ನೂ ನೋಡಿದಳು. "ಮಾತಾಡಾಕತ್ತೀರೇನು? ಚಲೋ ಆತು. ಹಂಗಾದ್ರ ಇಬ್ಬರೂ ಹೊರಗ ಹೋಗಿ ಮಾತಾಡ್ರಿ. ನಾ ಮಲಗತೀನಿ."

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದರು ಎಂದು ಗಾದೆಯಿದೆ. ನಾವು ಕೂಸು ಹುಟ್ಟಿದ ಮೇಲೆ ಕುಬಸ ಮಾಡಿದೆವು. ತರುವ ಸೀರೆ ತಂದಾಗಿದೆ, ಉಡಿಸದೆ ಬಿಡುವುದಿಲ್ಲ ಎಂದು ಅವ್ವ ಹಠ ಹಿಡಿದಳು. ಶಹಾಪುರದ ಮನೆಯಲ್ಲಿ ಅಕ್ಕ ಹಸಿರು ಸೀರೆ ಉಟ್ಟು, ತೊಡೆಯ ಮೇಲೆ ಅಂಗೈಯಷ್ಟು ಮಗಳನ್ನು ಇಟ್ಟುಕೊಂಡು ಆರತಿ ಮಾಡಿಸಿಕೊಂಡಳು. ಬಂದ ಹೆಂಗಸರು ಸೆರಗಿನಲ್ಲಿ ನಕ್ಕರು. ಆ ಅಂಗೈಯಷ್ಟಿನವಳು ಈಗ ನನ್ನ ಭುಜದವರೆಗೆ ಬೆಳೆದಿದ್ದಾಳೆ. ನಾನೂ ಭಾವನೂ ಆ ಪುಸ್ತಕದ ಹೆಸರು ಎತ್ತುವುದಿಲ್ಲ. ಬರೆದವರು ಅಭಿಮಾನಿಗಳ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ ಎಂದು ಒಮ್ಮೆ ಸುದ್ದಿ ಬಂದಾಗ ಮಾತ್ರ ನಾನು ತಡೆಯಲಾರದೆ ಭಾವನಿಗೆ ಫೋನ್ ಮಾಡಿದೆ. ಬಿಜ಼ಿ ಬಂತು. ಮತ್ತೆ ಮತ್ತೆ ಬಿಜ಼ಿ. ಅವರು ಆ ಕಡೆಯಿಂದ ನನಗೆ ಮಾಡುತ್ತಿದ್ದರಂತೆ. ಬರೆದವರಿಂದ ಉತ್ತರ ಮಾತ್ರ ಆ ಸಲವೂ ಬರಲಿಲ್ಲ.

ಮೊನ್ನೆ ಯಾದಗಿರಿಯ ಬೆಂಚಿನ ಮೇಲೆ ಇದೆಲ್ಲ ನೆನಪಾಗಿ ಒಬ್ಬನೇ ನಗುತ್ತಿದ್ದವನಿಗೆ ನಗು ಅರ್ಧಕ್ಕೆ ನಿಂತಿತು. ಆ ಪಡಸಾಲೆಯಲ್ಲಿ ದೊಡ್ಡಪ್ಪನ ಅಭಿಪ್ರಾಯ ಕೇಳಿದೆವು, ಅಪ್ಪನದು ಕೇಳಿದೆವು, ಭಾವನ ಅಪ್ಪ ಅವ್ವನದೂ ಕೇಳಿದೆವು. ಅವರಲ್ಲಿ ಯಾರೂ ಆ ಪುಸ್ತಕ ಮುಟ್ಟಿದವರಲ್ಲ. ನಮ್ಮೆಲ್ಲರಿಗಿಂತ ಮೊದಲು ಓದಿದವಳು, ಓದಿ ಹೇಳಿದವಳು ಅಕ್ಕ. ಅವಳನ್ನು ಅವತ್ತಿನವರೆಗೂ ಯಾರೂ ಕೇಳಿರಲಿಲ್ಲ. ಫೋನ್ ಹಚ್ಚಿದೆ.

"ಏನೋ? ಗಾಡಿ ತಪ್ಪತೇನು?"

"ಇಲ್ಲಕ್ಕಾ, ಒಂದು ಮಾತು ಕೇಳೋದಿತ್ತು. ದೋಣಿಯಾಕಿಗಿ ಕೇಳಿಸ್ತೋ ಇಲ್ಲೋ? ನಿನಗೇನು ಅನಸ್ತದ?"

ಆ ಕಡೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

"ಇಷ್ಟು ವರ್ಷಕ್ಕರೆ ಕೇಳಿದೆಲ್ಲೋ ಪುಣ್ಯಾತ್ಮ," ಅಂದಳು. "ಅಕಿ ಸಣ್ಣಾಕಿ ಇದ್ದಾಗಿಂದ ಊರ ಮಂದಿ ಒದರೋದು, ಅಳೋದು, ಜಗಳಾಡೋದು ಎಲ್ಲಾ ಹಗಲೂ ರಾತ್ರಿ ಅಕಿ ಕಿವ್ಯಾಗ. ಅದನ್ನ ಕೊಟ್ಟ ದಿನ ಅಕಿ ಮೊದಲನೇ ಸಲ ಕಣ್ತುಂಬ ನಿದ್ದಿ ಮಾಡಿರಬೇಕು. ಉಳೀತೋ ಹೋತೋ ಅಂತ ನೀವು ಬಡದಾಡಿದಿರಿ. ಹೋಗಿದ್ದು ಅಕಿಗಿ ಸುಖಾ ಆಗಿತ್ತು ಅಂತ ನಿಮಗ ಹೊಳೀಲೇ ಇಲ್ಲ."

"ಹಂಗಾದ್ರ ತಿರುಗಿ ಯಾಕ ನೋಡಿದ್ಲು?"

"ತಮ್ಮ ಅಂದ ಮ್ಯಾಲ ಯಾವಾಗರೆ ಒಮ್ಮೆ ಬಂದು ಒದರೇ ಒದರತಾನ. ಅದಕ್ಕ ಮಂತ್ರ ಬೇಕಾ? ನೋಡಿದ್ಲು. ಆದ್ರ ಆವಾಗ ಅಕಿ ಮುಖಾ ಹ್ಯಾಂಗಿತ್ತು ಅಂತ ಪುಸ್ತಕದಾಗ ಬರದಿಲ್ಲ. ನನಗ ಗೊತ್ತದ."

"ಹ್ಯಾಂಗಿತ್ತು?"

"ಈಗ ಹಂಚಿನ ಮ್ಯಾಲ ರೊಟ್ಟಿ ಹಾಕಿದಾಗ ನಿನ್ನ ಫೋನ್ ಬಂತಲ್ಲ, ನನ್ನ ಮುಖಾ ಹ್ಯಾಂಗಾತೋ ಹಂಗ."

ರೊಟ್ಟಿ ಸೀಯುತ್ತಿದೆ ಎಂದು ಫೋನ್ ಇಟ್ಟಳು. ಭಾವನಿಗೆ ಇದನ್ನು ತಿಳಿಸಬೇಕೆಂದು ಅವರ ನಂಬರ್ ಒತ್ತಹೋದವನು ಕೈ ಬಿಟ್ಟೆ. ಅದೇ ಮನೆಯಲ್ಲಿ, ಆ ಒಲೆಯಿಂದ ಕೂಗಳತೆಯಲ್ಲೇ ಕೂತಿರುತ್ತಾರೆ. ಬೇಕಾದರೆ ಅವರೇ ಕೇಳಲಿ.